ಹನ್ನೆರಡೋ ಇಪ್ಪತ್ನಾಲ್ಕೋ? ಹೊಸೂರಿನ ಶೆಡ್ಡಿನಲ್ಲಿ ಕಟ್ಟಿದ ವಿಮಾನಕ್ಕೆ ವೋಲ್ಟೇಜ್ ಆರಿಸಿದ ಲೆಕ್ಕ

ಹೊಸೂರು–ಬಾಗಲೂರು ರಸ್ತೆ ಬದಿಯ ಒಂದು ಶೆಡ್ಡಿನಲ್ಲಿ ಕಟ್ಟುತ್ತಿರುವ ಪುಟ್ಟ ವಿಮಾನದ ಪ್ರಕರಣ ಇದು. ಅಕ್ಕಪಕ್ಕ ಎರಡು ಸೀಟು, ಮೈಯೆಲ್ಲ ಅಲ್ಯೂಮಿನಿಯಂ, ಮುಂದೆ ಮೂಗುಚಕ್ರ, 160 ಅಶ್ವಶಕ್ತಿಯ ಲೈಕಮಿಂಗ್ ಒ-320 ಎಂಜಿನ್, ಕಾರ್ಬ್ಯುರೇಟರ್, ಬ್ಯಾಟರಿಯ ಹಂಗಿಲ್ಲದೆ ಕಿಡಿ ಹುಟ್ಟಿಸುವ ಎರಡು ಮ್ಯಾಗ್ನೆಟೊ. ಖಾಲಿ ತೂಕದ ಅಂದಾಜು 480 ಕೆ.ಜಿ. ರೆಕ್ಕೆ, ಬಾಲ, ಒಡಲು ಮುಗಿದಿವೆ. ಪ್ಯಾನೆಲ್ ಕತ್ತರಿಸುವ ಮೊದಲು ಒಂದು ಪ್ರಶ್ನೆ ಬಗೆಹರಿಯಬೇಕಿತ್ತು: ವಿದ್ಯುತ್ ವ್ಯವಸ್ಥೆ 12 ವೋಲ್ಟಿನದೋ, 24 ವೋಲ್ಟಿನದೋ? ಸ್ಟಾರ್ಟರ್, ಆಲ್ಟರ್ನೇಟರ್, ಬ್ಯಾಟರಿ ಮೂರನ್ನೂ ಇನ್ನೂ ಕೊಂಡಿರಲಿಲ್ಲವಾದ್ದರಿಂದ ಎರಡು ದಾರಿಯೂ ತೆರೆದಿದ್ದವು.

ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್ ಆಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದರ ಹೊಟ್ಟೆಯೊಳಗಿನ 250 ವ್ಯಾಟ್ ಜನರೇಟರ್, ಜೊತೆಗೆ ಬರುವ ರೆಗ್ಯುಲೇಟರ್, ಸ್ಟಾರ್ಟರ್ ಎಲ್ಲವೂ 12 ವೋಲ್ಟಿನವು. ಅಲ್ಲಿ 24 ಬೇಕೆನ್ನುವವರು ತಾವೇ ತೊಂದರೆ ಕೊಂಡುಕೊಳ್ಳುತ್ತಾರೆ. ಲೈಕಮಿಂಗ್‌ನಲ್ಲಿ ಹಾಗಲ್ಲ. ಎರಡೂ ವೋಲ್ಟೇಜಿಗೆ ಸ್ಟಾರ್ಟರ್, ಆಲ್ಟರ್ನೇಟರ್ ಸಿಗುತ್ತವೆ, ತೂಕವೂ ಹೆಚ್ಚುಕಡಿಮೆ ಒಂದೇ.

ಹೆಸರಿನ ಗೊಂದಲವನ್ನು ಮೊದಲೇ ತೀರಿಸಿಬಿಡೋಣ. 12 ವೋಲ್ಟ್ ವ್ಯವಸ್ಥೆ, 14 ವೋಲ್ಟ್ ವ್ಯವಸ್ಥೆ ಎರಡೂ ಒಂದೇ. ಆರು ಸೆಲ್‌ಗಳ ಲೆಡ್ ಆಸಿಡ್ ಬ್ಯಾಟರಿ ತುಂಬಿದಾಗ 12.6ರಿಂದ 12.8 ತೋರಿಸುತ್ತದೆ, ಆಲ್ಟರ್ನೇಟರ್ ಅದನ್ನು ತುಂಬಿಸಲು 14.2ರಿಂದ 14.4 ಕೊಡುತ್ತದೆ. 24 ಎಂದರೂ 28 ಎಂದರೂ ಹನ್ನೆರಡು ಸೆಲ್. ಕ್ಯಾಟಲಾಗಿನಲ್ಲಿ ‘14 ವೋಲ್ಟ್ ಆಲ್ಟರ್ನೇಟರ್’ ಕಂಡು ಇದು ಬೇರೆ ಜಾತಿಯದೆಂದು ಗಾಬರಿಯಾಗಬೇಕಿಲ್ಲ.

24ರ ಪರವಾಗಿ ಬಂದ ಮೂರು ಮಾತು

ಮೊದಲನೆಯದು ಪಠ್ಯಪುಸ್ತಕದ್ದು. ಅದೇ ವ್ಯಾಟಿಗೆ ವೋಲ್ಟ್ ಇಮ್ಮಡಿಯಾದರೆ ಆಂಪ್ ಅರ್ಧ. ಅದೇ ತಂತಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ಕಾಲುಭಾಗ. ಆದ್ದರಿಂದ ತೆಳು ತಂತಿ ಸಾಕು, ತೂಕ ಉಳಿಯುತ್ತದೆ.

ಎರಡನೆಯದು ಊರಿನದು. ವಿಮಾನ ಕಟ್ಟುತ್ತಿರುವವರ ಮಾವ ಲಾರಿ, ಬಸ್ಸುಗಳ ವೈರಿಂಗಿನಲ್ಲೇ ತಲೆ ನರೆತವರು. ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇರುವ ಊರಿನಲ್ಲಿ 24 ವೋಲ್ಟಿನ ರಿಲೇ, ಬಲ್ಬು, ಸೊಲೆನಾಯ್ಡಿಗೆ ಬರವಿಲ್ಲ. “ಇಪ್ಪತ್ನಾಲ್ಕೇ ಹಾಕಪ್ಪ, ರಾತ್ರಿ ಎಂಟಕ್ಕೂ ಅಂಗಡೀಲಿ ಸಾಮಾನು ಸಿಗುತ್ತೆ” ಎಂಬುದು ಅವರ ವಾದ. “ಸಿಗೋದು ಲಾರಿಗೆ ಮಾವ, ಇದಕ್ಕಲ್ಲ” ಎಂದು ಅಳಿಯ.

ಮೂರನೆಯದು, ಸೆಸ್ನಾ 172 ಕೂಡ 1978ರ ಮಾದರಿಯಿಂದ 28 ವೋಲ್ಟಿಗೆ ಹೋಯಿತಲ್ಲ, ದೊಡ್ಡವರು ಸುಮ್ಮನೆ ಬದಲಾಯಿಸುತ್ತಾರೆಯೇ ಎಂಬುದು.

ಮೂರೂ ಹುರುಳಿಲ್ಲದ ಮಾತುಗಳಲ್ಲ. ಆದರೆ ಮೂರರಲ್ಲೂ ಈ ವಿಮಾನದ ಅಳತೆ ಇಲ್ಲ. ಯಾವ ಲೋಡು ಎಷ್ಟು ಆಂಪ್ ಎಳೆಯುತ್ತದೆ, ದಪ್ಪ ಕೇಬಲ್ ಎಷ್ಟು ಮೀಟರ್ ಓಡುತ್ತದೆ ಎಂಬ ಎರಡು ಅಂಕಿ ಕೈಗೆ ಬರುವವರೆಗೆ ವೋಲ್ಟೇಜಿನ ಚರ್ಚೆ ಗಾಳಿಮಾತೇ.

ಲೋಡುಗಳ ಪಟ್ಟಿ

14 ವೋಲ್ಟಿನಲ್ಲಿ, ಹಾರಾಟದುದ್ದಕ್ಕೂ ಓಡುವವು ಇವು, ಆಂಪ್ ಲೆಕ್ಕದಲ್ಲಿ:

ಎಂಜಿನ್ ಮಾನಿಟರ್ ಸೇರಿದ ಹಾರಾಟದ ಪರದೆ – 2.7
ರೇಡಿಯೊ, ಆಲಿಸುವಾಗ – 0.6
ಟ್ರಾನ್ಸ್‌ಪಾಂಡರ್ (ರಡಾರಿಗೆ ವಿಮಾನದ ಗುರುತು ಹೇಳುವ ಸಾಧನ) – 1.0
ಇಂಟರ್‌ಕಾಮ್ – 0.3
ಮಾಸ್ಟರ್ ಕಾಂಟ್ಯಾಕ್ಟರಿನ (ಬ್ಯಾಟರಿಯನ್ನು ಇಡೀ ವ್ಯವಸ್ಥೆಗೆ ಜೋಡಿಸುವ ದೊಡ್ಡ ರಿಲೇ) ಕಾಯಿಲ್ – 0.8
ಎಲ್‌ಇಡಿ ನ್ಯಾವಿಗೇಷನ್ ದೀಪ ಮತ್ತು ಸ್ಟ್ರೋಬ್ – 2.5
ಆಟೋಪೈಲಟ್‌ನ ಎರಡು ಸರ್ವೊ, ಸರಾಸರಿ – 1.0
ಯುಎಸ್‌ಬಿ ಸಾಕೆಟ್ – 1.5

ಒಟ್ಟು 10.4 ಆಂಪ್. ಇಂಧನದ ಬೂಸ್ಟ್ ಪಂಪ್ ಹಾಕಿದರೆ 1.2 ಸೇರಿ 11.6. ಇಳಿಯುವಾಗ ಎರಡು ಎಲ್‌ಇಡಿ ಲ್ಯಾಂಡಿಂಗ್ ದೀಪಕ್ಕೆ 4.2, ಅಂದರೆ 15.8. ವೇಗ ಅಳೆಯುವ ಕೊಳವೆಯಲ್ಲಿ ಹಿಮ ಕಟ್ಟದಂತೆ ಕಾಯಿಸುವ ಪಿಟೋ ಹೀಟರ್ ಒಂದೇ 8.5 ಎಳೆಯುತ್ತದೆ, ಅದೂ ಸೇರಿದರೆ 24.3. ಆ ಗಳಿಗೆಯಲ್ಲೇ ರೇಡಿಯೊ ಗುಂಡಿ ಒತ್ತಿದರೆ ಇನ್ನೊಂದು 2.4; ಒಟ್ಟು 26.7 ಆಂಪ್. ಟ್ರಿಮ್ (ಚಾಲಕನ ಕೈಮೇಲಿನ ಒತ್ತಡ ತಗ್ಗಿಸುವುದು) ಮತ್ತು ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಹಲಗೆ) ಮೋಟರು ಕೆಲವೇ ಸೆಕೆಂಡಿನ ಮಾತಾದ್ದರಿಂದ ಈ ಮೊತ್ತಕ್ಕೆ ಸೇರಿಸಿಲ್ಲ. ಅವುಗಳ ತಂತಿಯ ಲೆಕ್ಕ ಬೇರೆಯಾಗಿ ಮಾಡಬೇಕು.

ಆಲ್ಟರ್ನೇಟರಿನ ಅಂಕಿತ ಸಾಮರ್ಥ್ಯದ ಶೇ. 80ರೊಳಗೆ ನಿರಂತರ ಲೋಡು ಇರಬೇಕೆಂಬುದು ಹಳೆಯ ಕಟ್ಟುಪಾಡು. 40 ಆಂಪಿನ ಆಲ್ಟರ್ನೇಟರಿಗೆ ಅದು 32. ಎಲ್ಲವನ್ನೂ ಹೊತ್ತಿಸಿದರೂ 26.7 ಮೀರದ ವಿಮಾನಕ್ಕೆ 14 ವೋಲ್ಟಿನ 40 ಆಂಪ್ ಸಾಕು, ಬ್ಯಾಟರಿಗೂ ಐದು ಆಂಪ್ ಮಿಗುತ್ತದೆ.

ಸೆಸ್ನಾದ ಉತ್ತರವೂ ಈ ಪಟ್ಟಿಯಲ್ಲೇ ಇದೆ. ಆ ಕಾಲದ ಫಿಲಮೆಂಟ್ ಲ್ಯಾಂಡಿಂಗ್ ದೀಪ ಒಂದಕ್ಕೇ 100 ವ್ಯಾಟ್, ಅಂದರೆ 14 ವೋಲ್ಟಿನಲ್ಲಿ ಏಳು ಆಂಪಿಗೂ ಮೇಲೆ. ಟ್ಯಾಕ್ಸಿ ದೀಪ, ತಿರುಗುವ ಬೀಕನ್, ಬಿಸಿಯೇರುವ ಹಳೆಯ ರೇಡಿಯೊಗಳು ಇವೆಲ್ಲ ಕೂಡಿದರೆ ಕರೆಂಟು ಸುಲಭವಾಗಿ 40 ದಾಟುತ್ತಿತ್ತು. ಇಂದಿನ ಎಲ್‌ಇಡಿ ಆ ಲೆಕ್ಕವನ್ನೇ ಅಳಿಸಿಹಾಕಿದೆ.

ತಂತಿಯ ತೂಕ: ಎಲ್ಲಿ ಉಳಿಯುತ್ತದೆ, ಎಲ್ಲಿ ಉಳಿಯುವುದಿಲ್ಲ

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪ್ರಕಟಿಸಿರುವ ಎಸಿ 43.13-1ಬಿ ಕೈಪಿಡಿಯಲ್ಲಿ ತಂತಿಯ ವೋಲ್ಟೇಜ್ ಇಳಿತಕ್ಕೆ ಮಿತಿ ಕೊಟ್ಟಿದೆ. 14 ವೋಲ್ಟಿನ ಬಸ್ಸಿಗೆ (ಎಲ್ಲ ಲೋಡುಗಳಿಗೂ ಕರೆಂಟು ಹಂಚುವ ಪಟ್ಟಿ) ನಿರಂತರ ಲೋಡಿನಲ್ಲಿ 0.5 ವೋಲ್ಟ್, ಬಿಟ್ಟುಬಿಟ್ಟು ಓಡುವುದಕ್ಕೆ 1 ವೋಲ್ಟ್. 28ಕ್ಕೆ ಇವೇ 1 ಮತ್ತು 2. ಈ ಮಿತಿ ಇಟ್ಟುಕೊಂಡು ಒಂದೊಂದೇ ತಂತಿ ನೋಡಿದಾಗ ಮೊದಲ ಅಚ್ಚರಿ ಕಂಡಿತು.

ರೆಕ್ಕೆತುದಿಯ ದೀಪಕ್ಕೆ 5 ಮೀಟರ್ ತಂತಿ, 0.5 ಆಂಪ್. 22 ಗೇಜಿನ ತಂತಿಗೆ (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು) ಮೀಟರಿಗೆ 53 ಮಿಲಿಓಮ್ ರೋಧ. ಇಳಿತ 0.13 ವೋಲ್ಟ್. 14 ವೋಲ್ಟಿನಲ್ಲೇ ಇದು ಮಿತಿಗಿಂತ ಎಷ್ಟೋ ಕೆಳಗೆ. 28ಕ್ಕೆ ಹೋದರೆ ಇನ್ನೂ ತೆಳು ತಂತಿ ಸಾಕೆಂದು ಲೆಕ್ಕ ಹೇಳುತ್ತದೆ, ಆದರೆ 22ಕ್ಕಿಂತ ತೆಳುವನ್ನು ಸಾಮಾನ್ಯವಾಗಿ ಯಾರೂ ಎಳೆಯುವುದಿಲ್ಲ. ಕ್ರಿಂಪಿನ (ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಕೊಂಡಿ) ಬುಡದಲ್ಲಿ ಕಂಪನಕ್ಕೆ ಅದು ತುಂಡಾಗುತ್ತದೆ. ಪಟ್ಟಿಯ ಮುಕ್ಕಾಲು ಲೋಡುಗಳು ಹೀಗೆ 22 ಗೇಜಿನ ತಳಕ್ಕೆ ಈಗಾಗಲೇ ಮುಟ್ಟಿವೆ. ವೋಲ್ಟ್ ಏರಿಸಿ ಉಳಿಸಲು ಅಲ್ಲಿ ಏನೂ ಇಲ್ಲ.

ಉಳಿತಾಯ ಕಾಣಬೇಕಾದ್ದು ದಪ್ಪ ಲೋಡಿನಲ್ಲಿ. ಪಿಟೋ ಹೀಟರಿಗೆ 4 ಮೀಟರ್, 8.5 ಆಂಪ್: 16 ಗೇಜ್ ಹಾಕಿದರೆ 0.45 ವೋಲ್ಟ್ ಇಳಿತ, ಮಿತಿಯೊಳಗೇ. 28 ವೋಲ್ಟಿನಲ್ಲಿ 4.3 ಆಂಪಿಗೆ 20 ಗೇಜ್ ಸಾಕು, ಇಳಿತ 0.57. ತಾಮ್ರದ ತೂಕ 47 ಗ್ರಾಂ ಇದ್ದದ್ದು 19 ಗ್ರಾಂ ಆಗುತ್ತದೆ. ಉಳಿದದ್ದು 28 ಗ್ರಾಂ! ಆಲ್ಟರ್ನೇಟರಿಂದ ಬಸ್ಸಿಗೆ ಬರುವ 0.7 ಮೀಟರ್ ತಂತಿ 8 ಗೇಜಿನಿಂದ 12ಕ್ಕೆ ಇಳಿದರೆ ಇನ್ನೊಂದು 32 ಗ್ರಾಂ. ಲ್ಯಾಂಡಿಂಗ್ ದೀಪ, ಫ್ಲ್ಯಾಪ್ ಎಲ್ಲ ಕೂಡಿಸಿದರೂ ನೂರು ಗ್ರಾಂ ಸುತ್ತಮುತ್ತ.

ಹಾಗಾದರೆ ‘24 ಹಗುರ’ ಎಂಬ ಮಾತು ಎಲ್ಲಿಂದ ಬಂತು? ಸ್ಟಾರ್ಟರ್ ಕೇಬಲ್ಲಿನಿಂದ. ಎಂಜಿನ್ ತಿರುಗಿಸುವಾಗ ಈ ಗಾತ್ರದ ಸ್ಟಾರ್ಟರ್ 12 ವೋಲ್ಟಿನಲ್ಲಿ 200 ಆಂಪ್ ಎಳೆಯುತ್ತದೆಂದು ಹಿಡಿಯೋಣ. ಬ್ಯಾಟರಿ ಬ್ಯಾಗೇಜ್ ಹಿಂದೆ ಇದ್ದರೆ ಕೇಬಲ್ 4 ಮೀಟರ್, ವಾಪಸ್ ದಾರಿ ಒಡಲಿನ ಲೋಹವೇ. ಲೆಕ್ಕ ಹೀಗೆ ಬರುತ್ತದೆ: 4 ಗೇಜಿಗೆ ಮೀಟರಿಗೆ 0.815 ಮಿಲಿಓಮ್, ನಾಲ್ಕು ಮೀಟರಿಗೆ 3.26 ಮಿಲಿಓಮ್, ಇಳಿತ 0.65 ವೋಲ್ಟ್, ತಾಮ್ರ 760 ಗ್ರಾಂ. 24 ವೋಲ್ಟಿನಲ್ಲಿ 100 ಆಂಪಿಗೆ 8 ಗೇಜ್ ಸಾಕು, ಇಳಿತ 0.82 ವೋಲ್ಟ್ ಆದರೂ 24ರಲ್ಲಿ ಅದು ಶೇ. 3.4 ಮಾತ್ರ, ತಾಮ್ರ 300 ಗ್ರಾಂ. ಉಳಿತಾಯ 460 ಗ್ರಾಂ.

ಅದೇ ಬ್ಯಾಟರಿ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲಿನ ಮೇಲೆ ಕೂತರೆ ಕೇಬಲ್ 0.8 ಮೀಟರ್. ತಾಮ್ರ 152 ಗ್ರಾಂ, 24ರಲ್ಲಿ 60. ಉಳಿತಾಯ 92 ಗ್ರಾಂ. ಕೇಬಲ್ ಎಷ್ಟು ಉದ್ದ ಎಂಬುದೇ ಇಲ್ಲಿ ಯಜಮಾನ. ವೋಲ್ಟೇಜಿನ ಪ್ರಶ್ನೆ ಅಸಲಿಗೆ ಬ್ಯಾಟರಿ ಎಲ್ಲಿ ಕೂರುತ್ತದೆ ಎಂಬ ಪ್ರಶ್ನೆಯಾಗಿತ್ತು, ಆ ಪ್ರಶ್ನೆಗೆ ಉತ್ತರ ಕೊಡುವುದು ವೈರಿಂಗ್ ಅಲ್ಲ, ತಕ್ಕಡಿ.

ಬ್ಯಾಟರಿಯ ಜಾಗ

17 ಆಂಪ್-ಅವರ್ ವರ್ಗದ ಎಜಿಎಂ (ಸೀಲ್ ಮಾಡಿದ ಲೆಡ್ ಆಸಿಡ್) ಬ್ಯಾಟರಿಗೆ ಸುಮಾರು 7 ಕೆ.ಜಿ. ಬ್ಯಾಗೇಜ್ ಹಿಂದಿನಿಂದ ಫೈರ್‌ವಾಲಿಗೆ ತಂದರೆ 2.6 ಮೀಟರ್ ಸರಿಯುತ್ತದೆ. 7 × 2.6 = 18.2; ಅದನ್ನು 480ರಿಂದ ಭಾಗಿಸಿದರೆ ಖಾಲಿ ವಿಮಾನದ ಗುರುತ್ವಕೇಂದ್ರ 38 ಮಿ.ಮೀ. ಮುಂದಕ್ಕೆ ಬರುತ್ತದೆ. ಇಷ್ಟು ಚಿಕ್ಕ ವಿಮಾನದಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ನಕ್ಷೆಯಲ್ಲಿ ಬ್ಯಾಟರಿ ಹಿಂದೆ ಇತ್ತು, ಏಕೆಂದರೆ ನಕ್ಷೆ ಬರೆದದ್ದು ಲೋಹದ ಪ್ರೊಪೆಲ್ಲರಿಗೆ. ಇಲ್ಲಿ ಹಾಕುವುದು ಮರದ ಪ್ರೊಪೆಲ್ಲರ್. ಅದು ಲೋಹದ್ದಕ್ಕಿಂತ ಹಲವು ಕೆ.ಜಿ. ಹಗುರ, ಅದೂ ಮೂಗಿನ ತುತ್ತತುದಿಯಲ್ಲಿ. ಎಂಜಿನ್ ಮೌಂಟಿಗೆ ಏರಿಸಿ, ಸೀಟು ಇಟ್ಟು, ಬ್ಯಾಟರಿಯ ಬದಲು 7 ಕೆ.ಜಿ. ಮರಳು ಚೀಲವನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ಇಟ್ಟು ಮೂರು ಚಕ್ರದಡಿ ತೂಗಿದಾಗ ಹಿಂದಿನ ಜಾಗದಲ್ಲಿ ಬ್ಯಾಗೇಜ್ ತುಂಬಿದರೆ ಹಿಂಭಾಗದ ಮಿತಿ ದಾಟುತ್ತಿತ್ತು. ಬ್ಯಾಟರಿ ಮುಂದೆ ಬಂತು. ಅಲ್ಲಿಗೆ 460 ಗ್ರಾಂ ಉಳಿತಾಯದ ಕನಸು 92ಕ್ಕೆ ಇಳಿಯಿತು.

ತೂಗದೆ ವೋಲ್ಟೇಜ್ ನಿರ್ಧರಿಸುವುದು ಮನೆಯಲ್ಲೇ ವಿಮಾನ ಕಟ್ಟುವವರಲ್ಲಿ ಸಾಮಾನ್ಯವಾಗಿ ಕಾಣುವ ಅವಸರ. ತಂತಿ ಎಳೆದ ಮೇಲೆ ಬ್ಯಾಟರಿ ಸರಿಸಬೇಕಾಗಿ ಬಂದರೆ ಕೇಬಲ್, ಕಾಂಟ್ಯಾಕ್ಟರ್, ಅದರ ಡಯೋಡು ಎಲ್ಲವೂ ಎರಡನೇ ಸಲ.

28ರ ಬಗ್ಗೆ ಬ್ರೋಷರ್ ಹೇಳದ ವಿಷಯ

ಇಂದಿನ ಪರದೆಗಳ ಮೇಲೆ ‘10–30 ವೋಲ್ಟ್’ ಎಂದು ಬರೆದಿರುತ್ತದೆ. ನೋಡಿದವರು ಎರಡೂ ಆಗುತ್ತದೆಂದು ತೃಪ್ತರಾಗುತ್ತಾರೆ. ಆದರೆ 28 ವೋಲ್ಟಿನ ಬಸ್ಸು ನಿಜಕ್ಕೂ ಓಡುವುದು 28.4ರಿಂದ 28.8ರಲ್ಲಿ. ಮಿತಿಗೆ ಉಳಿದದ್ದು ಒಂದೂವರೆ ವೋಲ್ಟಿನ ಆಸುಪಾಸು ಮಾತ್ರ. ರೆಗ್ಯುಲೇಟರ್ ಕೆಟ್ಟಾಗ ಆಲ್ಟರ್ನೇಟರನ್ನು ಕತ್ತರಿಸುವ ರಕ್ಷಣಾ ಮಾಡ್ಯೂಲು 28ರ ವ್ಯವಸ್ಥೆಯಲ್ಲಿ ಸುಮಾರು 32.5 ವೋಲ್ಟಿನಲ್ಲಿ ಎಚ್ಚರಗೊಳ್ಳುತ್ತದೆ. ಅಂದರೆ ಕಾವಲುಗಾರ ಏಳುವ ಮೊದಲೇ ಪರದೆ ತನ್ನ ಮಿತಿ ದಾಟಿರುತ್ತದೆ. 14ರ ವ್ಯವಸ್ಥೆಯಲ್ಲಿ ಅದೇ ಮಾಡ್ಯೂಲು 16.2ರಲ್ಲಿ ಕತ್ತರಿಸುತ್ತದೆ, ಪರದೆಗೆ ಆಗಲೂ 13 ವೋಲ್ಟಿಗೂ ಮೇಲೆ ಉಸಿರು ಉಳಿದಿರುತ್ತದೆ. ಒಂದೇ ಪರದೆ ಎರಡು ವ್ಯವಸ್ಥೆಯಲ್ಲೂ ಓಡುತ್ತದೆ ನಿಜ, ಎಡವಟ್ಟಾದಾಗ ಬದುಕುವ ಸಾಧ್ಯತೆ ಮಾತ್ರ ಒಂದೇ ಅಲ್ಲ. ಈ ಪ್ರಕರಣದಲ್ಲಿ ತಂತಿಯ ಗ್ರಾಂಗಳಿಗಿಂತ ಹೆಚ್ಚು ತೂಗಿದ್ದು ಇದೇ.

ಎರಡನೆಯದು, 12 ವೋಲ್ಟ್ ಬಿಟ್ಟು ಬೇರೆ ಕಾಣದ ಸಾಮಾನುಗಳು. ಹೋಮ್‌ಬಿಲ್ಟ್ ವಿಮಾನಗಳಲ್ಲಿ ಬಳಕೆಯಲ್ಲಿರುವ ಚಿಕ್ಕ ಟ್ರಿಮ್ ಸರ್ವೊ 12ರದು. ಇಲ್ಲಿ ಕೊಂಡಿಟ್ಟಿದ್ದ ಫ್ಲ್ಯಾಪ್ ಮೋಟರೂ 12ರದು. 28ರ ಬಸ್ಸಿನಲ್ಲಿ ಇವುಗಳಿಗೆ ಒಂದು ಇಳಿಕೆ ಕನ್ವರ್ಟರ್ ಬೇಕು. ಫ್ಲ್ಯಾಪ್ ಮೋಟರು ಹೊರಡುವಾಗಿನ ಎಳೆತ ತಡೆಯುವಂಥದ್ದು, ಬ್ರಾಕೆಟ್ ಸಮೇತ ಅರ್ಧ ಕೆ.ಜಿ. ಹತ್ತಿರ. ತಂತಿಯಲ್ಲಿ ಉಳಿಸಿದ ಇನ್ನೂರು ಗ್ರಾಂ ಇಲ್ಲಿಗೇ ಕೈಬಿಟ್ಟಿತು, ಮೇಲೆ ಸಾಲವೂ ಆಯಿತು. ಕನ್ವರ್ಟರ್ ಸತ್ತರೆ ಟ್ರಿಮ್ ಮತ್ತು ಫ್ಲ್ಯಾಪ್ ಒಟ್ಟಿಗೆ ಸಾಯುತ್ತವೆ ಎಂಬುದು ಬೇರೆ.

ಕನ್ವರ್ಟರ್ ತಪ್ಪಿಸಲು ಮಾವ ಹೇಳಿದ ಉಪಾಯ ಲಾರಿಯವರದ್ದು: ಸಾಲಿನಲ್ಲಿ ಕೂಡಿಸಿದ ಎರಡು ಬ್ಯಾಟರಿಗಳ ನಡುವಿನಿಂದ ಒಂದು ತಂತಿ ಎಳೆದು 12 ತೆಗೆಯುವುದು. ಕ್ಯಾಬಿನ್ನಿನ ಟೇಪ್‌ರೆಕಾರ್ಡರಿಗೆ ಹೀಗೆ ಮಾಡಿದ ಲಾರಿಗಳು ಲೆಕ್ಕವಿಲ್ಲ. ಏನು ಕೆಡುತ್ತದೆಂದು ಅಂಕಿಯಲ್ಲೇ ನೋಡಬಹುದು. ಆಲ್ಟರ್ನೇಟರ್ ಇಡೀ ಸಾಲಿಗೆ 28.4 ಕೊಡುತ್ತದೆ, ನಡುವೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಕೆಳಗಿನ ಬ್ಯಾಟರಿಯಿಂದ ಮಾತ್ರ ಕರೆಂಟು ಹೋಗುತ್ತಾ ಅದು 12.8ಕ್ಕೆ ಇಳಿದರೆ ಮೇಲಿನದರ ಪಾಲಿಗೆ 15.6 ವೋಲ್ಟ್ ಬೀಳುತ್ತದೆ. ಮೇಲಿನದು ಗ್ಯಾಸ್ ಬಿಟ್ಟು ಒಣಗುತ್ತದೆ, ಕೆಳಗಿನದು ಸದಾ ಅರೆಹೊಟ್ಟೆಯಲ್ಲಿದ್ದು ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ನೀರು ಹಾಕಲು ಮುಚ್ಚಳವಿರುವ ಲಾರಿ ಬ್ಯಾಟರಿ ಇದನ್ನು ಒಂದಷ್ಟು ಕಾಲ ಸಹಿಸುತ್ತದೆ. ಸೀಲ್ ಮಾಡಿದ ಎಜಿಎಂ ಸಹಿಸುವುದಿಲ್ಲ, ಬಿಸಿಯಾಗಿ ಉಬ್ಬುತ್ತದೆ. ವಿಮಾನದಲ್ಲಿ ನಡುತಂತಿ ಎಂದಿಗೂ ಬೇಡ.

ಲಾರಿ ಸಾಮಾನಿನ ಬಗ್ಗೆ ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ಬ್ಲೇಡ್ ಫ್ಯೂಸಿನ ಅಂಕಿತ ಮಿತಿ 32 ವೋಲ್ಟ್, 28.8ರ ಬಸ್ಸಿಗೆ ಅದು ಅಂಚಿನಲ್ಲೇ. ‘30 ಆಂಪ್’ ರಿಲೇಯ ಆ ಅಂಕಿ 14 ವೋಲ್ಟಿಗೆ ಬರೆದದ್ದು; 28 ವೋಲ್ಟನ್ನು ಕತ್ತರಿಸುವಾಗ ಕಿಡಿ ಉದ್ದ ನಿಲ್ಲುವುದರಿಂದ ಅದರ ಸಾಮರ್ಥ್ಯ ಕಡಿಮೆಯಾಗುತ್ತದೆ. 24ರ ರಿಲೇಗಳು ಬೇರೆ ಇವೆ, ಸಿಗುತ್ತವೆ ಕೂಡ; ನೋಡಿ ಕೊಳ್ಳಬೇಕಷ್ಟೆ.

24ರ ಒಂದು ನಿಜವಾದ ಗುಣವನ್ನು ಮುಚ್ಚಿಡುವಂತಿಲ್ಲ. ಸ್ಟಾರ್ಟರ್ ಒತ್ತಿದಾಗ 12ರ ಬಸ್ಸು 9 ವೋಲ್ಟಿಗೂ ಕೆಳಗೆ ಹೋಗಬಹುದು. ಪರದೆ ಆರಿ ಮತ್ತೆ ಎಚ್ಚರಾಗಲು ಸಮಯ ತೆಗೆದುಕೊಳ್ಳುತ್ತದೆ, ಆ ಹೊತ್ತಿಗೆ ಆಯಿಲ್ ಪ್ರೆಷರ್ ನೋಡಲು ಬೇರೆ ಏನೂ ಇರುವುದಿಲ್ಲ. 24ರ ಬಸ್ಸು ಇಳಿದರೂ 16–18ರಲ್ಲಿ ನಿಲ್ಲುತ್ತದೆ, ಪರದೆಗೆ ಅದು ಗೊತ್ತೇ ಆಗುವುದಿಲ್ಲ. 12ರಲ್ಲಿ ಇದಕ್ಕೆ ಪರಿಹಾರ ಪರದೆಯ ಸ್ವಂತ ಬ್ಯಾಕಪ್ ಬ್ಯಾಟರಿ. ಅದನ್ನು ಹೇಗೂ ಹಾಕುವವರಿದ್ದರು, ಆದ್ದರಿಂದ ಈ ಗುಣಕ್ಕೆ ಇಲ್ಲಿ ಬೆಲೆ ಸಿಗಲಿಲ್ಲ.

ತೀರ್ಮಾನ ಮತ್ತು ಜೋಡಣೆ

14 ವೋಲ್ಟ್, 40 ಆಂಪ್ ಆಲ್ಟರ್ನೇಟರ್, ಫೈರ್‌ವಾಲಿನ ಎಂಜಿನ್ ಬದಿಯಲ್ಲಿ 17 ಆಂಪ್-ಅವರ್ ಎಜಿಎಂ. ಲಿಥಿಯಂ ಐರನ್ ಫಾಸ್ಫೇಟ್ ಹಾಕಿದ್ದರೆ ನಾಲ್ಕೈದು ಕೆ.ಜಿ. ಉಳಿಯುತ್ತಿತ್ತು. ಎಂಜಿನ್ ನಿಲ್ಲಿಸಿದ ಮೇಲೆ ಅದರ ಹೊದಿಕೆಯಾದ ಕೌಲಿಂಗ್ ಒಳಗೆ ತುಂಬುವ ಬಿಸಿ ಅದಕ್ಕೆ ಒಗ್ಗದು ಎಂದು ಬಿಡಲಾಯಿತು. ಎಜಿಎಂಗೂ ಎಕ್ಸಾಸ್ಟ್ ಪೈಪಿನ ಕಡೆ ಒಂದು ಅಲ್ಯೂಮಿನಿಯಂ ತಡೆಹಾಳೆ, ಮುಂದಿನಿಂದ ಗಾಳಿ ತರುವ 25 ಮಿ.ಮೀ. ಕೊಳವೆ ಇವೆ.

ತಂತಿಯೆಲ್ಲ ಟೆಫ್ಜೆಲ್ ಹೊದಿಕೆಯ ಮಿಲ್-ಡಬ್ಲ್ಯು-22759/16. 22 ಗೇಜ್ 120 ಮೀಟರ್, 20 ಗೇಜ್ 30, 16 ಗೇಜ್ 12, 8 ಗೇಜ್ ಒಂದು ಮೀಟರ್. ಮನೆ ವೈರಿಂಗಿನ ಪಿವಿಸಿ ತಂತಿ ಅಗ್ಗವೆಂದು ಒಂದು ಮೀಟರನ್ನೂ ಒಳಗೆ ಬಿಡಬಾರದು. ಅದು ಬೆಂದಾಗ ಏಳುವ ಹೊಗೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಕಣ್ಣು ಬಿಡಗೊಡುವುದಿಲ್ಲ. ಸ್ಟಾರ್ಟರಿಗೆ 25 ಚದರ ಮಿ.ಮೀ. ವೆಲ್ಡಿಂಗ್ ಕೇಬಲ್: 4 ಗೇಜಿಗಿಂತ ತುಸು ದಪ್ಪ, ಬಳುಕುವುದರಿಂದ ಎಂಜಿನ್ ಅಲುಗಾಟಕ್ಕೆ ಒಳ್ಳೆಯದು, ಊರಲ್ಲೇ ಸಿಗುತ್ತದೆ. ಕೊಳ್ಳುವಾಗ ತುದಿಯ ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ನೀರು ಕುಡಿದ ಅಲ್ಯೂಮಿನಿಯಂ. ರೋಧ ಒಂದೂವರೆ ಪಟ್ಟು, ಕ್ರಿಂಪ್ ಕೆಲವೇ ತಿಂಗಳಲ್ಲಿ ಸಡಿಲ. ಲಗ್ ಒತ್ತಲು ಷಡ್ಭುಜ ಡೈ ಇರುವ ಹೈಡ್ರಾಲಿಕ್ ಕ್ರಿಂಪರೇ ಬೇಕು, ಸುತ್ತಿಗೆಯಲ್ಲ. ಒತ್ತಿದ ಮೇಲೆ ಒಂದು ಮಾದರಿಯನ್ನು ಗರಗಸದಲ್ಲಿ ಅಡ್ಡ ಕೊಯ್ದು ಎಳೆಗಳ ನಡುವೆ ಸಂದು ಇಲ್ಲವೆಂದು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಅರ್ತಿಂಗ್ ಎಲ್ಲವೂ ಫೈರ್‌ವಾಲಿನ ಒಂದೇ ಹಿತ್ತಾಳೆ ಬೋಲ್ಟಿಗೆ. ಬ್ಯಾಟರಿಯ ನೆಗೆಟಿವ್ ಅಲ್ಲಿಗೆ, ಎಂಜಿನ್ ಕ್ರ್ಯಾಂಕ್‌ಕೇಸಿನಿಂದ ಹೆಣೆದ ತಾಮ್ರಪಟ್ಟಿಯೂ ಅಲ್ಲಿಗೆ. ಈ ಪಟ್ಟಿ ಮರೆತರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಲೇಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ಸ್ಟಾರ್ಟರಿನ 200 ಆಂಪಿಗೆ ವಾಪಸ್ ದಾರಿ ಬೇಕು. ಪಟ್ಟಿ ಇಲ್ಲದಿದ್ದರೆ ಅದು ಥ್ರಾಟಲ್ ಮತ್ತು ಮಿಕ್ಸ್ಚರ್ ಕೇಬಲ್ಲಿನ ಉಕ್ಕಿನ ಹೊದಿಕೆಯ ಮೂಲಕ ಮನೆಗೆ ಹೋಗುತ್ತದೆ. ಹೊದಿಕೆ ಕೆಂಪಗಾಗಿ ಒಳತಂತಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಸ್ಟಾರ್ಟ್ ಆದಂತೆಯೇ ಕಾಣುತ್ತದೆ, ಥ್ರಾಟಲ್ ಅಲುಗುವುದಿಲ್ಲ.

ಮಾಸ್ಟರ್ ಕಾಂಟ್ಯಾಕ್ಟರ್ ನಿರಂತರ ಡ್ಯೂಟಿಯದ್ದು, ಸ್ಟಾರ್ಟರಿನದು ಕ್ಷಣಿಕ ಡ್ಯೂಟಿಯದ್ದು. ಹೊರಗಿನಿಂದ ಎರಡೂ ಅವಳಿಗಳಂತೆ ಕಾಣುತ್ತವೆ. ಅದಲುಬದಲಾದರೆ ಕ್ಷಣಿಕದ್ದರ ಕಾಯಿಲ್ ಹಾರಾಟದ ಮಧ್ಯೆ ಸುಟ್ಟು ಇಡೀ ಬಸ್ಸು ಕತ್ತಲು. ಎರಡೂ ಕಾಯಿಲಿಗೆ ಅಡ್ಡಲಾಗಿ ಡಯೋಡು ಇರಬೇಕು, ಇಲ್ಲವಾದರೆ ಬಿಡುವಾಗಿನ ಹಿಮ್ಮುಖ ವೋಲ್ಟೇಜಿನ ಹೊಡೆತಕ್ಕೆ ಸ್ವಿಚ್ಚಿನ ಸಂಪರ್ಕಬಿಂದು ಸವೆಯುತ್ತದೆ.

ಪರದೆ, ರೇಡಿಯೊ, ಟ್ರಾನ್ಸ್‌ಪಾಂಡರ್, ಇಂಟರ್‌ಕಾಮಿಗೆ ಬೇರೆಯೇ ಒಂದು ಅಗತ್ಯ ಬಸ್ಸು. ಮಾಮೂಲಾಗಿ ಅದಕ್ಕೆ ಮುಖ್ಯ ಬಸ್ಸಿನಿಂದ ಡಯೋಡಿನ ಮೂಲಕ ಕರೆಂಟು. ಆಲ್ಟರ್ನೇಟರ್ ಕೈಕೊಟ್ಟಾಗ ಮಾಸ್ಟರ್ ಬಿಟ್ಟು, ಬ್ಯಾಟರಿಯಿಂದ ನೇರ ಬರುವ ಎರಡನೇ ಸ್ವಿಚ್ ಹಾಕಬೇಕು. ಲೆಕ್ಕ ನೋಡಿ: ಅಗತ್ಯ ಲೋಡು 4.6 ಆಂಪ್. ಹಳೆಯದಾದ ಬ್ಯಾಟರಿಯಲ್ಲಿ 17ರ ಶೇ. 60 ಮಾತ್ರ ಉಳಿದಿದೆ ಎಂದು ಹಿಡಿದರೆ 10.2 ಆಂಪ್-ಅವರ್, 2 ಗಂಟೆ 13 ನಿಮಿಷ. ಮಾಸ್ಟರ್ ಬಿಡದೆ ಹಾರಿದರೆ ಬರಿಯ ಕಾಯಿಲ್ ಕುಡಿಯುವ 0.8 ಆಂಪ್ ಇದರಲ್ಲಿ 20 ನಿಮಿಷ ನುಂಗುತ್ತದೆ. ಮ್ಯಾಗ್ನೆಟೊ ಇರುವುದರಿಂದ ಎಂಜಿನ್ನಿಗೆ ಈ ಯಾವುದೂ ಬೇಕಿಲ್ಲ. ಎರಡೂ ಮ್ಯಾಗ್ನೆಟೊ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವವರು ಈ ಲೆಕ್ಕವನ್ನು ಮೊದಲಿಂದ ಮಾಡಬೇಕು.

ಎಂಜಿನ್ ಓಡಿಸುವ ಮೊದಲಿನ ಅಳತೆಗಳು

ಓವರ್‌ವೋಲ್ಟೇಜ್ ಮಾಡ್ಯೂಲನ್ನು ವಿಮಾನಕ್ಕೆ ಹಾಕುವ ಮುಂಚೆಯೇ ಮೇಜಿನ ಮೇಲೆ ಪರೀಕ್ಷಿಸುವುದು ಸುಲಭ. ವೋಲ್ಟ್ ಬದಲಿಸಬಲ್ಲ ಪವರ್ ಸಪ್ಲೈಯಿಂದ 14ರಿಂದ ನಿಧಾನ ಏರಿಸುತ್ತ ಹೋದಾಗ 16.2ರ ಆಸುಪಾಸಿನಲ್ಲಿ ಆಲ್ಟರ್ನೇಟರನ್ನು ಕತ್ತರಿಸುವ ಫೀಲ್ಡ್ ಬ್ರೇಕರ್ ಹಾರಬೇಕು. ಹಾರದಿದ್ದರೆ ಆ ಮಾಡ್ಯೂಲು ಅಲಂಕಾರಕ್ಕಿದೆ ಅಷ್ಟೆ.

ಸ್ಟಾರ್ಟರ್ ಸರಣಿಯ ಇಳಿತ ಅಳೆಯಲು ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಇಂಧನ ನಿಲ್ಲುವಂತೆ ಮಿಕ್ಸ್ಚರ್ ಕಟ್-ಆಫ್‌ನಲ್ಲಿಟ್ಟು, ಮ್ಯಾಗ್ನೆಟೊ ಆಫ್ ಮಾಡಿ, ಪ್ರೊಪೆಲ್ಲರ್ ಸುತ್ತ ಯಾರೂ ಇಲ್ಲವೆಂದು ನೋಡಿ ಐದು ಸೆಕೆಂಡು ತಿರುಗಿಸಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವಿನ ಕಂಬದ ಮೇಲೆ, ಇನ್ನೊಂದು ಸ್ಟಾರ್ಟರ್ ಟರ್ಮಿನಲ್ಲಿಗೆ. ಆಮೇಲೆ ಬ್ಯಾಟರಿ ನೆಗೆಟಿವ್ ಮತ್ತು ಸ್ಟಾರ್ಟರಿನ ಒಡಲು. ಪ್ಲಗ್ ಇಲ್ಲದೆ ಹಗುರಾಗಿ ತಿರುಗುವಾಗ ಪಾಸಿಟಿವ್ ಬದಿ ಅರ್ಧ ವೋಲ್ಟ್, ನೆಗೆಟಿವ್ ಬದಿ 0.2 ಮೀರಿದರೆ ಎಲ್ಲೋ ಒಂದು ಜೋಡಣೆ ಸರಿಯಿಲ್ಲ. ಒಂದೊಂದೇ ಲಗ್ಗನ್ನು ಅಡ್ಡ ಹಾಯ್ದು ಅಳೆದರೆ ಕಳ್ಳ ಸಿಗುತ್ತಾನೆ. ಹೆಚ್ಚಾಗಿ ಅದು ಬಣ್ಣ ಕೆರೆಯದೆ ಬಿಗಿದ ಅರ್ತ್ ಬೋಲ್ಟು.

ಮೊದಲ ಓಟದಲ್ಲಿ 14.2–14.4ನ್ನು ಪ್ಯಾನೆಲ್ ಮೀಟರಿನಲ್ಲಿ ಮಾತ್ರ ನಂಬದೆ ಬ್ಯಾಟರಿಯ ಕಂಬದ ಮೇಲೂ ಹಿಡಿಯಬೇಕು. ಅದಕ್ಕೆಂದೇ ಎರಡು ತೆಳು ತಂತಿಯನ್ನು ಮೊದಲೇ ಕ್ಯಾಬಿನ್ನಿಗೆ ಎಳೆದಿಟ್ಟುಕೊಳ್ಳುವುದು ಜಾಣತನ, ತಿರುಗುವ ಪ್ರೊಪೆಲ್ಲರಿನ ಹಿಂದೆ ಯಾರೂ ಕೈ ಹಾಕಬಾರದು. ರೆಗ್ಯುಲೇಟರ್ ವೋಲ್ಟ್ ಅರಿಯುವುದು ಸೆನ್ಸ್ ತಂತಿಯಿಂದ. ಆ ತಂತಿಯ ಜೋಡಣೆ ಸಡಿಲವಿದ್ದು 0.4 ಕಡಿಮೆ ಓದಿದರೆ ರೆಗ್ಯುಲೇಟರ್ ಬಸ್ಸನ್ನು ಅಷ್ಟೇ ಮೇಲೆ ಎತ್ತುತ್ತದೆ, 14.8ರಲ್ಲಿ ವರ್ಷ ಕಳೆದ ಎಜಿಎಂ ಎರಡನೇ ವರ್ಷ ಕಾಣುವುದಿಲ್ಲ.

ಉತ್ತರ ಯಾವಾಗ ಬದಲಾಗುತ್ತದೆ

ಬ್ಯಾಟರಿ ಹಿಂದೆಯೇ ಕೂರಬೇಕಾದ, ಒಡಲು ಫೈಬರ್‌ಗ್ಲಾಸ್ ಆಗಿರುವ ವಿಮಾನದಲ್ಲಿ ವಾಪಸ್ ದಾರಿಗೂ ಕೇಬಲ್ ಬೇಕು. ಆಗ ಎರಡೂ ಸೇರಿ 8 ಮೀಟರ್; ಇಳಿತ ಮಿತಿಯಲ್ಲಿಡಲು 12ರಲ್ಲಿ 2 ಗೇಜಿಗೆ ಹೋಗಬೇಕಾಗುತ್ತದೆ, ತಾಮ್ರವೇ 2.4 ಕೆ.ಜಿ. 24ರಲ್ಲಿ 6 ಗೇಜಿಗೆ ಒಂದು ಕೆ.ಜಿ. ಅದರ ಜೊತೆಗೆ ಚಕ್ರ ಮಡಚುವ ಎಲೆಕ್ಟ್ರಿಕ್ ಹೈಡ್ರಾಲಿಕ್ ಪಂಪು, ಏರ್ ಕಂಡಿಷನರ್ ಅಥವಾ 14 ವೋಲ್ಟಿನಲ್ಲಿ 50 ಆಂಪ್ ದಾಟುವ ನಿರಂತರ ಲೋಡು ಇದ್ದರೆ 24 ತನ್ನ ಖರ್ಚನ್ನು ತೀರಿಸುತ್ತದೆ. ಪರದೆ, ರೇಡಿಯೊಗಳನ್ನು 33 ವೋಲ್ಟಿನವರೆಗೆ ತಡೆಯುವಂಥವನ್ನೇ ಆರಿಸಬೇಕು, ಕೊಳ್ಳುವ ಮೊದಲು ಟ್ರಿಮ್, ಫ್ಲ್ಯಾಪ್ ಮೋಟರು 24ರಲ್ಲಿ ಸಿಗುತ್ತವೆಯೇ ವಿಚಾರಿಸಬೇಕು.

ಈ ವಿಮಾನದಲ್ಲಿ ಉಳಿದ ಅಪಾಯ ಒಂದೇ, ಅದು ನೆಲದ ಮೇಲಿನದು. ಏರ್‌ಫೀಲ್ಡ್‌ಗಳಲ್ಲಿರುವ ಗ್ರೌಂಡ್ ಪವರ್ ಗಾಡಿ ಸಾಮಾನ್ಯವಾಗಿ 28 ವೋಲ್ಟಿನದು, ಶೆಡ್ಡಿನ ಹೊರಗೆ ಜಂಪ್ ಕೊಡಲು ನಿಲ್ಲುವ ಲಾರಿ 24ರದು. ಎರಡೂ 12ರ ಬ್ಯಾಟರಿಗೆ ಮತ್ತು ಕಾಂಟ್ಯಾಕ್ಟರ್ ಕಾಯಿಲಿಗೆ ಸಾವು. ಆದ್ದರಿಂದ ಮಾಮೂಲಿ ಮೂರು ಪಿನ್ನಿನ ಗ್ರೌಂಡ್ ಪವರ್ ಸಾಕೆಟ್ ಇಲ್ಲಿ ಇಟ್ಟೇ ಇಲ್ಲ. ಬದಲಿಗೆ 7.5 ಆಂಪ್ ಫ್ಯೂಸಿನ ಮೂಲಕ ಬ್ಯಾಟರಿಗೆ ಹೋಗುವ ಎರಡು ಪಿನ್ನಿನ ಸಣ್ಣ ಚಾರ್ಜಿಂಗ್ ಸಾಕೆಟ್. ಯಾವ ಬೈಕ್ ಅಂಗಡಿಯ 12 ವೋಲ್ಟ್ ಚಾರ್ಜರಾದರೂ ಅದಕ್ಕೆ ಸಾಕು. ಅದರ ಮುಚ್ಚಳದ ಮೇಲೆ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ‘12 ವೋಲ್ಟ್ ಮಾತ್ರ’ ಎಂದು ಕೆತ್ತಿಸಲಾಗಿದೆ.